ಕಮಾನಿನ ಮರ ಯಾರದು?

ಹದಿನೈದು ವರ್ಷದ ಹಿಂದೆ ನನ್ನ ಪಿಟೀಲಿಗೆ ಒಂದು ಹೊಸ ಕಮಾನು ಕೊಂಡೆ. ಅಂಗಡಿಯವರು "ಬ್ರೆಜಿಲ್‌ವುಡ್ ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂದರು. ರಸೀದಿಯಲ್ಲೂ ಹಾಗೇ ಬರೆದುಕೊಟ್ಟರು. ಬಾಳಿದ್ದು ಒಂದೇ ಮಳೆಗಾಲ. ಆಗಸ್ಟ್ ಮುಗಿಯುವ ಹೊತ್ತಿಗೆ ಕಡ್ಡಿ ಎಡಕ್ಕೆ ವಾಲಿತ್ತು. ಕೂದಲು ಬಿಗಿ ಮಾಡಿದಷ್ಟೂ ಇನ್ನೂ ಸೊಟ್ಟ. ಮೇಷ್ಟ್ರಿಗೆ ತೋರಿಸಿದೆ. ಒಂದು ಕಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ನೋಡಿದರು. "ಬಟ್ಟೆ ಒಣಹಾಕೋಕೆ ಇಟ್ಕೋ" ಅಂದರು.

ಬ್ರೆಜಿಲ್‌ವುಡ್ ಅಂತ ಮಾರುವ ಅಗ್ಗದ ಕಮಾನುಗಳಲ್ಲಿ ಬಹಳಷ್ಟು ಬೇರೆ ಯಾವುದೋ ಮರದವು ಅಂತ ತಿಳಿದದ್ದು ಆಮೇಲೆ. ಅಸಲಿ ಮರಕ್ಕೆ ಕಮಾನು ಮಾಡುವವರು ಪೆರ್ನಂಬುಕೊ ಅನ್ನುತ್ತಾರೆ. ಬ್ರೆಜಿಲಿನವರ ಬಾಯಲ್ಲಿ ಅದು ಪೌ ಬ್ರಸಿಲ್. ಅವರ ರಾಷ್ಟ್ರೀಯ ಮರವೂ ಅದೇ. ಮರದಿಂದ ದೇಶಕ್ಕೆ ಹೆಸರು ಬಂತೇ ಹೊರತು ದೇಶದಿಂದ ಮರಕ್ಕಲ್ಲ. ಕಳೆದ ಕೆಲವು ವರ್ಷಗಳಿಂದ ಈ ಮರಕ್ಕಾಗಿ ಒಂದು ದೊಡ್ಡ ಜಗಳ ನಡೆಯುತ್ತಿದೆ. ಒಂದು ಕಡೆ ಬ್ರೆಜಿಲ್ ಸರ್ಕಾರ ಮತ್ತು ಕಾಡು ಉಳಿಸುವವರು. ಇನ್ನೊಂದು ಕಡೆ ಫ್ರಾನ್ಸ್, ಜರ್ಮನಿ, ಅಮೆರಿಕದ ಕಮಾನು ತಯಾರಕರು ಮತ್ತು ವಾದ್ಯಗಾರರು. ಪಿಟೀಲು ನುಡಿಸುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದರ ಸುದ್ದಿಯೇ ಇಲ್ಲ.

ಕಮಾನಿನ ಹಣೆಬರಹವೇ ಅಷ್ಟು, ಅದರ ಕಡೆ ಯಾರೂ ನೋಡುವುದಿಲ್ಲ. ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್ ಪಿಟೀಲಿನ ಆಕಾರದಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೊಂದು ಕಮಾನೂ ಇದೆ ಅನ್ನುವುದನ್ನು ಗಮನಿಸಿದವರು ಎಷ್ಟು ಜನ? ಸುದ್ದಿಯಲ್ಲೂ ಇದೇ ಕಥೆ. 2025ರ ಫೆಬ್ರುವರಿಯಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ 1714ರಲ್ಲಿ ಮಾಡಿದ ಒಂದು ಪಿಟೀಲು ನ್ಯೂಯಾರ್ಕ್‌ನಲ್ಲಿ 1 ಕೋಟಿ 13 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಯ ಹತ್ತಿರ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2017ರಲ್ಲಿ ಫ್ರಾನ್ಸಿನ ವಿಶಿ ಎಂಬ ಊರಿನಲ್ಲಿ ಒಂದು ಹಳೇ ಕಮಾನು 5,76,600 ಯೂರೊಗೆ ಹೋಯಿತು. ಆಗಿನ ಲೆಕ್ಕಕ್ಕೆ ನಾಲ್ಕು ಕೋಟಿ ರೂಪಾಯಿಗೂ ಜಾಸ್ತಿ. ಅರವತ್ತು ಗ್ರಾಂ ಚಿಲ್ಲರೆ ತೂಗುವ ಒಂದು ಕಡ್ಡಿಗೆ! ಅದನ್ನು ಕೇಳಿದವರು ಆ ಕಸುಬಿನವರು ಮಾತ್ರ.

ಅರವತ್ತು ಗ್ರಾಂ ಅಂದರೆ ಒಂದು ಕೋಳಿಮೊಟ್ಟೆಯ ತೂಕ. ಅಷ್ಟರಲ್ಲೇ ಕಡ್ಡಿ, ಕುದುರೆ ಬಾಲದ ಕೂದಲು, ಕೈ ಹಿಡಿಯುವ ಕಡೆಯ ಕರಿಮರದ ತುಂಡು, ಬೆಳ್ಳಿ, ಮುತ್ತಿನ ಚಿಪ್ಪು, ಬಿಗಿ ಮಾಡುವ ತಿರುಪು ಎಲ್ಲ ಬರಬೇಕು. ಆ ಕರಿಮರದ ತುಂಡಿಗೆ ಫ್ರಾಗ್ ಅನ್ನುತ್ತಾರೆ.

ಆ ನಾಲ್ಕು ಕೋಟಿಯ ಕಡ್ಡಿ ಮಾಡಿದವನು ಫ್ರಾಂಸ್ವಾ ತೂರ್ತ್. ಪ್ಯಾರಿಸ್ಸಿನವನು, 1835ರಲ್ಲಿ ತೀರಿಕೊಂಡ. ಅಪ್ಪನೂ ಕಮಾನು ಮಾಡುವವನೇ. ಮಗ ಮಾತ್ರ ಮೊದಲ ಎಂಟು ವರ್ಷ ಗಡಿಯಾರದ ಕೆಲಸ ಕಲಿತ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವುದನ್ನು ಅವನು ಅಲ್ಲಿ ಕಲಿತಿರಬೇಕು. ಆಮೇಲೆ ಅಪ್ಪನ ಕಸುಬಿಗೆ ಬಂದ. 1780ರ ದಶಕದ ಹೊತ್ತಿಗೆ ಕಮಾನಿನ ಉದ್ದ, ಬಾಗು, ತೂಕ, ತಲೆಯ ಆಕಾರ ಎಲ್ಲಕ್ಕೂ ಒಂದು ಲೆಕ್ಕ ಕೊಟ್ಟ. ಇವತ್ತು ತ್ಯಾಗರಾಜರ ಕೃತಿ ನುಡಿಸುವವರ ಕೈಯಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ ಲೆಕ್ಕದ ಕಮಾನು. ಕಡ್ಡಿ ಮುಗಿದ ಮೇಲೆ ಒಂದು ಸಣ್ಣ ದೋಷ ಕಂಡರೂ ಮುರಿದು ಹಾಕುತ್ತಿದ್ದನಂತೆ. ವಯಸ್ಸಾದ ಮೇಲೆ ದಿನಾ ಸೇನ್ ನದಿಯಲ್ಲಿ ದೋಣಿ ಮೇಲೆ ಕೂತು ಮೀನಿಗೆ ಗಾಳ ಹಾಕುತ್ತಿದ್ದನಂತೆ. ತನ್ನ ಕಮಾನುಗಳ ಮೇಲೆ ಅವನು ಹೆಸರನ್ನೇ ಒತ್ತುತ್ತಿರಲಿಲ್ಲ. ಹಾಗಾಗಿ ಇವತ್ತು ಇದು ತೂರ್ತ್ ಕೈಯದು ಅಂತ ಹೇಳಲು ತಲೆಯ ಅಂಚನ್ನು ಹೇಗೆ ಚಾಕುವಿನಲ್ಲಿ ಸವರಿದ್ದಾನೆ, ಫ್ರಾಗ್ ಕೂರುವ ಕುಳಿಯನ್ನು ಹೇಗೆ ತೋಡಿದ್ದಾನೆ ಅಂತ ನೋಡಬೇಕು. ಹಾಗೆ ನೋಡಿ ಹೇಳಬಲ್ಲವರು ಜಗತ್ತಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಜನ. ಅವರ ಸಹಿ ಬಿದ್ದರೆ ಕೋಟಿ, ಬೀಳದಿದ್ದರೆ ಬರೀ ಹಳೇ ಕಡ್ಡಿ.

ತೂರ್ತ್ ಬೇರೆ ಬೇರೆ ಮರ ನೋಡಿ ಕೊನೆಗೆ ನಿಂತದ್ದು ಪೆರ್ನಂಬುಕೊ ಹತ್ತಿರ. ಬ್ರೆಜಿಲಿನಿಂದ ಬಂದ ಸಕ್ಕರೆ ಪೀಪಾಯಿಯ ಹಲಗೆ ಒಡೆದು ಅದರಿಂದಲೇ ಕಡ್ಡಿ ಮಾಡುತ್ತಿದ್ದ ಅಂತ ಒಂದು ಕಥೆ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮರ ಯುರೋಪಿಗೆ ಹಡಗುಗಟ್ಟಲೆ ಬರುತ್ತಿದ್ದದ್ದಂತೂ ನಿಜ. ಬಟ್ಟೆಗೆ ಕೆಂಪು ಬಣ್ಣ ಹಾಕಲು ಬರುತ್ತಿತ್ತು.

ಇಲ್ಲೊಂದು ನಮ್ಮ ಕಡೆಯ ಕಥೆಯೂ ಇದೆ. ಪೋರ್ಚುಗೀಸರು 1500ರಲ್ಲಿ ಬ್ರೆಜಿಲ್ ತಲುಪುವ ಮೊದಲೇ ಯುರೋಪಿನಲ್ಲಿ ಬ್ರಸಿಲ್ ಅನ್ನುವ ಮಾತಿತ್ತು. ಅದು ಏಷ್ಯಾದಿಂದ ಹೋಗುತ್ತಿದ್ದ ಕೆಂಪು ಬಣ್ಣದ ಮರದ ಹೆಸರು. ನಾವು ಪತಂಗ ಅಥವಾ ಸಪ್ಪಂಗ ಅನ್ನುವ ಮರ. ಕೇರಳದ ಹೋಟೆಲಿನಲ್ಲಿ ಊಟದ ಜೊತೆ ನಸುಗೆಂಪು ಬಿಸಿನೀರು ತಂದಿಡುತ್ತಾರಲ್ಲ, ಆ ಬಣ್ಣ ಈ ಮರದ ಚಕ್ಕೆಯದು. ಅದರ ದಾಯಾದಿ ಮರ ಸಮುದ್ರದ ಆ ಕಡೆ ಕಾಡು ತುಂಬ ಸಿಕ್ಕಾಗ ಪೋರ್ಚುಗೀಸರು ಹಳೇ ಹೆಸರನ್ನೇ ಅದಕ್ಕೂ ಇಟ್ಟರು. ಆಮೇಲೆ ಇಡೀ ದೇಶಕ್ಕೇ ಇಟ್ಟರು. ಮುನ್ನೂರು ವರ್ಷಕ್ಕೂ ಜಾಸ್ತಿ ಕಡಿದು ಸಾಗಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ರಾಸಾಯನಿಕ ಬಣ್ಣ ಬಂದ ಮೇಲೆ ಆ ವ್ಯಾಪಾರ ಬಿತ್ತು. ಅಷ್ಟರಲ್ಲಿ ಕಾಡು ಸೊರಗಿತ್ತು. ಉಳಿದದ್ದನ್ನು ಕಬ್ಬು, ಕಾಫಿ, ದನ, ಊರು ನುಂಗಿದವು. ಈ ಮರ ಬೆಳೆಯುವುದು ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿ ಕಾಡಿನಲ್ಲಿ ಮಾತ್ರ. ಆ ಕಾಡು ಈಗ ಮೊದಲಿದ್ದದ್ದರ ಎಂಟರಲ್ಲಿ ಒಂದು ಪಾಲು ಉಳಿದಿದ್ದರೆ ಹೆಚ್ಚು.

ಹಾಗಾದರೆ ಬೇರೆ ಮರದಲ್ಲಿ ಮಾಡಬಾರದೇ? ಅದಕ್ಕೆ ಉತ್ತರ ಬೇಕಾದರೆ ಕಡ್ಡಿ ಮಾಡುವುದನ್ನು ಹತ್ತಿರದಿಂದ ನೋಡಬೇಕು.

ಮೊದಲು ಚೇಗಿನಿಂದ, ಅಂದರೆ ಮರದ ಒಳಗಿನ ಗಟ್ಟಿ ಭಾಗದಿಂದ, ನೇರ ಎಳೆಯ ಒಂದು ಪಟ್ಟಿ ಸೀಳುತ್ತಾರೆ. ಕೊಯ್ದ ಹೊಸದರಲ್ಲಿ ಕಿತ್ತಳೆ ಬಣ್ಣ, ಗಾಳಿ ಬೆಳಕಿಗೆ ಬಿದ್ದು ಬರುಬರುತ್ತಾ ಗಾಢ ಕೆಂಪು. ತುಂಬ ತೂಕದ ಮರ. ಒಳ್ಳೆಯ ತುಂಡನ್ನು ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ. ಎಳೆ ಎಲ್ಲಾದರೂ ಓರೆಯಾಗಿದ್ದರೆ, ಒಂದು ಗಂಟು ಕಂಡರೆ, ಆ ತುಂಡು ಸೌದೆಗೆ. ಉಳಿದದ್ದನ್ನು ವರ್ಷಗಟ್ಟಲೆ ಒಣಗಲು ಬಿಡುತ್ತಾರೆ. ಎಷ್ಟೋ ತಯಾರಕರು ತಮ್ಮ ಗುರುವಿನಿಂದ ಬಂದ ಮರವನ್ನು ಇವತ್ತು ಬಳಸುತ್ತಿದ್ದಾರೆ. ಆಮೇಲೆ ಬೆರಳುದ್ದದ ಪುಟ್ಟ ಹತ್ತರಿ ಹಿಡಿದು ಎಂಟು ಮೂಲೆ ಬರುವ ಹಾಗೆ ಸವರುತ್ತಾರೆ. ಕಡ್ಡಿ ಕೈಯಿಂದ ತಲೆಯ ಕಡೆಗೆ ಸಣ್ಣಗಾಗುತ್ತಾ ಹೋಗಬೇಕು. ಆದರೆ ಒಂದೇ ಸಮನೆ ಅಲ್ಲ.

ನಿಜವಾದ ಪರೀಕ್ಷೆ ಬಾಗಿಸುವಾಗ. ಬಾಗನ್ನು ಗರಗಸದಲ್ಲಿ ಕೊಯ್ದು ತರಬಾರದು. ಕೊಯ್ದರೆ ಎಳೆ ಕತ್ತರಿಸಿಹೋಗಿ ಕಡ್ಡಿ ಮುರಿಯುತ್ತದೆ. ನೆಟ್ಟಗಿನ ಕಡ್ಡಿಯನ್ನು ಉರಿಯ ಮೇಲೆ ಆಡಿಸುತ್ತಾ, ತಿರುಳಿನ ತನಕ ಕಾವು ಏರುವಷ್ಟು ಹೊತ್ತು ಕಾಯುತ್ತಾರೆ. ಹೊರಗೆ ಸುಡಬಾರದು, ಒಳಗೆ ಹಸಿ ಉಳಿಯಬಾರದು. ಸರಿಯಾದ ಕ್ಷಣ ಬಂದಾಗ ಮೇಜಿನ ಅಂಚಿಗೆ ಒತ್ತಿ ಒಂದೆರಡು ಅಂಗುಲ ಬಾಗಿಸಿ, ಆರುವ ತನಕ ಹಿಡಿದುಕೊಳ್ಳುತ್ತಾರೆ. ಮತ್ತೆ ಮುಂದಿನ ಒಂದೆರಡು ಅಂಗುಲ. ಹೀಗೆ ಬಾಗಿಸಿದ ಪೆರ್ನಂಬುಕೊ ಇನ್ನೂರು ವರ್ಷವಾದರೂ ಬಾಗನ್ನು ಬಿಡುವುದಿಲ್ಲ. ಬೇರೆ ಮರಗಳು ಒಂದು ಕೊಟ್ಟರೆ ಇನ್ನೊಂದು ಕೊಡುವುದಿಲ್ಲ. ಗಟ್ಟಿ ಇದ್ದರೆ ಬಾಗುವುದಿಲ್ಲ. ಬಾಗಿದರೆ ಹಾಗೇ ನಿಲ್ಲುವುದಿಲ್ಲ. ನಿಂತರೆ ದನಿಯನ್ನು ನುಂಗಿಬಿಡುತ್ತದೆ. ಪೆರ್ನಂಬುಕೊವಿನ ಒಳಗೆ ತುಂಬಿರುವ ಬಣ್ಣದ ಅಂಶಗಳೇ ಕಂಪನ ಬೇಗ ಸಾಯದ ಹಾಗೆ ನೋಡಿಕೊಳ್ಳುತ್ತವೆ ಅಂತ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಬಟ್ಟೆಗೆ ಬಣ್ಣ ಕೊಟ್ಟದ್ದೇ ಪಿಟೀಲಿಗೆ ನಾದ ಕೊಟ್ಟಿತು ಅನ್ನಿ.

ಪಿಟೀಲಿಗೂ ಕಮಾನಿಗೂ ಇರುವ ವ್ಯತ್ಯಾಸ ಇಲ್ಲಿದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಜನ ಪಿಟೀಲುಗಾರರಿಗೆ ಕಪ್ಪು ಕನ್ನಡಕ ಹಾಕಿಸಿ ಹಳೇ ಮೂರು, ಹೊಸ ಮೂರು ವಾದ್ಯ ನುಡಿಸಲು ಕೊಟ್ಟರು. ಯಾವುದು ಹಳೇದು ಅಂತ ಹೇಳಲು ಅವರಿಗೆ ಆಗಲಿಲ್ಲ. ಎಲ್ಲರಿಗಿಂತ ಕಡಿಮೆ ಮೆಚ್ಚುಗೆ ಸಿಕ್ಕಿದ್ದು ಒಂದು ಸ್ಟ್ರಾಡಿವರಿಗೆ. ಅಂದರೆ ಹಳೇ ಪಿಟೀಲು ಕೈಗೆಟುಕದಿದ್ದರೂ ಚಿಂತೆಯಿಲ್ಲ, ಇವತ್ತಿನ ಒಳ್ಳೆಯ ಕೈಯಿಂದ ಹೊಸದನ್ನು ಮಾಡಿಸಬಹುದು. ಅದಕ್ಕೆ ಬೇಕಾದ ಸ್ಪ್ರೂಸ್, ಮೇಪಲ್ ಮರಗಳು ಯುರೋಪಿನ ಬೆಟ್ಟಗಳಲ್ಲಿ ಈಗಲೂ ಬೇಕಾದಷ್ಟಿವೆ. ಹೊಸ ಕಮಾನು ಮಾಡಿಸಬೇಕೆಂದರೆ ಮಾತ್ರ ಮತ್ತೆ ಅದೇ ಒಂದು ಮರದ ಬುಡಕ್ಕೆ ಹೋಗಬೇಕು.

ಈಗ ಜಗಳಕ್ಕೆ ಬರೋಣ. ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಸೈಟಿಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಮೊದಲನೇ ಪಟ್ಟಿಗೆ ಸೇರಿದರೆ ಕಾಡಿನಿಂದ ತಂದು ಮಾರುವುದು ಬಂದ್. ಎರಡನೇ ಪಟ್ಟಿಯಲ್ಲಿದ್ದರೆ ಪರವಾನಗಿ ತೆಗೆದುಕೊಂಡು ವ್ಯಾಪಾರ ಮಾಡಬಹುದು. ನಮ್ಮ ಬೀಟೆಯೂ 2017ರಿಂದ ಎರಡನೇ ಪಟ್ಟಿಯಲ್ಲಿದೆ. ಪೆರ್ನಂಬುಕೊ ಅಲ್ಲಿಗೆ ಬಂದದ್ದು 2007ರಲ್ಲಿ. ಆದರೆ ಆಗ ಒಂದು ದೊಡ್ಡ ಕಿಂಡಿ ಬಿಟ್ಟರು. ದಿಮ್ಮಿ, ಹಲಗೆ, ಅರ್ಧ ಮಾಡಿದ ಕಡ್ಡಿಗೆ ಪರವಾನಗಿ ಬೇಕು, ಪೂರ್ತಿ ತಯಾರಾದ ಕಮಾನಿಗೆ ಬೇಡ. ಆಮೇಲೆ ಏನಾಯಿತು ಅಂತ ನಮ್ಮ ಯಾವ ಅರಣ್ಯ ಗಾರ್ಡನ್ನು ಕೇಳಿದರೂ ಹೇಳುತ್ತಾರೆ. ಕದ್ದು ಕಡಿದ ಮರ ಬ್ರೆಜಿಲಿನ ಒಳಗೇ ಕಮಾನಾಗಿ ಹೊರಗೆ ಹೋಯಿತು. ಅಲ್ಲಿನ ಪರಿಸರ ಇಲಾಖೆ ಮತ್ತು ಪೊಲೀಸರು ಸೇರಿ ಕಮಾನು ಕಾರ್ಖಾನೆಗಳ ಮೇಲೆ ದಾಳಿ ಮಾಡಿದರು. ಒಂದು ಕಾರ್ಯಾಚರಣೆಗೆ 'ಡೊ ರೆ ಮಿ', ಅಂದರೆ ಅವರ ಸ ರಿ ಗ, ಅಂತಲೇ ಹೆಸರಿಟ್ಟಿದ್ದರು. ಅಲ್ಲಿನ ಪೊಲೀಸರಿಗೂ ಹಾಸ್ಯಪ್ರಜ್ಞೆ ಇದೆ.

2022ರಲ್ಲಿ ಪನಾಮದ ಸಭೆಯಲ್ಲಿ ಬ್ರೆಜಿಲ್ ಮರವನ್ನು ಮೊದಲನೇ ಪಟ್ಟಿಗೆ ಸೇರಿಸಿ ಅಂತ ಕೇಳಿತು. ಸಂಗೀತದವರು ಗಾಬರಿಯಾದರು. ಕೊನೆಗೆ ಒಂದು ರಾಜಿಯಾಯಿತು. ಎರಡನೇ ಪಟ್ಟಿಯೇ ಇರಲಿ, ಬ್ರೆಜಿಲಿನಿಂದ ಹೊರಡುವ ತಯಾರಾದ ಕಮಾನಿಗೂ ಪರವಾನಗಿ ಬೇಕು, ಈಗಾಗಲೇ ಹೊರಗಿರುವ ಕಮಾನುಗಳು ಗಡಿ ದಾಟಿದರೆ ಬೇಡ. ಮೂರು ವರ್ಷ ಬಿಟ್ಟು, 2025ರ ನವೆಂಬರ್ ಡಿಸೆಂಬರಿನಲ್ಲಿ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ಸಭೆ ಸೇರಿದಾಗ ಬ್ರೆಜಿಲ್ ಮತ್ತೆ ಅದೇ ಕೇಳಿತು. ಮರ ಎರಡನೇ ಪಟ್ಟಿಯಲ್ಲೇ ಉಳಿಯಿತು, ನಿಯಮ ಮಾತ್ರ ಇನ್ನಷ್ಟು ಬಿಗಿಯಾಯಿತು. ಇಲ್ಲಿಗೆ ಮುಗಿಯಿತು ಅಂತ ನನಗೆ ಅನಿಸುವುದಿಲ್ಲ. ಮರ ಕಡಿಮೆಯಾಗುತ್ತಾ ಹೋದರೆ ಪ್ರತಿ ಸಭೆಗೂ ಇದು ಮತ್ತೆ ಬರುತ್ತದೆ.

ತಯಾರಕರ ಮಾತು ಹೀಗಿದೆ: ಕಾಡು ಹಾಳು ಮಾಡಿದ್ದು ನಾವಲ್ಲ, ಬಣ್ಣದವರು, ಕಬ್ಬಿನವರು, ರಿಯಲ್ ಎಸ್ಟೇಟಿನವರು. ನಾವು ಒಂದು ಕಮಾನಿಗೆ ಹಿಡಿ ಮರ ಬಳಸುತ್ತೇವೆ. ಮಾತು ಸುಳ್ಳಲ್ಲ. ಕೈಯಲ್ಲಿ ಮಾಡುವವನಿಗೆ ಒಂದು ಕಮಾನಿಗೆ ವಾರಕ್ಕೂ ಜಾಸ್ತಿ ಬೇಕು, ಜೀವನಪೂರ್ತಿ ಮಾಡಿದರೂ ಎಷ್ಟು ಮಾಡಿಯಾನು? ಆದರೆ ಆ ಹಿಡಿ ಮರ ಯಾವ ಮರದ್ದು ಅನ್ನುವುದನ್ನೂ ಕೇಳಬೇಕಲ್ಲ. ಕಮಾನಿಗೆ ಬೇಕಾದದ್ದು ಹಳೇ, ದಪ್ಪ, ನೆಟ್ಟಗೆ ಬೆಳೆದ, ಗಟ್ಟಿ ಚೇಗಿನ ಮರ. ಕಾಡಿಗೆ ಒಳ್ಳೆಯ ಬೀಜ ಕೊಡುವುದೂ ಅಂಥ ಮರವೇ. ಸಾವಿರ ಇದ್ದಾಗ ಒಂದು ಕಡಿದರೆ ಲೆಕ್ಕಕ್ಕಿಲ್ಲ. ಹತ್ತು ಉಳಿದಾಗ ಒಂದು ಕಡಿದರೆ ಲೆಕ್ಕ ಬೇರೆ. ಅದೂ ಅಲ್ಲದೆ ಕೈಕೆಲಸದವರ ಹೆಸರು ಹೇಳಿಕೊಂಡು ಕಾರ್ಖಾನೆಯವರು ಸಾವಿರಗಟ್ಟಲೆ ಕಮಾನು ಮಾಡಿ ಸಾಗಿಸಿದ್ದಾರೆ.

ಇನ್ನು ಪೂರ್ತಿ ನಿಷೇಧ ಬಂದರೆ ಪೆಟ್ಟು ಬೀಳುವುದು ಯಾರಿಗೆ? ತೂರ್ತ್ ಕಮಾನು ಇಟ್ಟುಕೊಂಡ ಸಾಹುಕಾರನಿಗಲ್ಲ. ಅವನ ಹತ್ತಿರ ಪ್ರಮಾಣಪತ್ರ ಇದೆ, ವಕೀಲ ಇದ್ದಾನೆ. ಪೆಟ್ಟು ಬೀಳುವುದು ಎಂದೋ ಒಬ್ಬ ತಯಾರಕನಿಂದ ರಸೀದಿಯಿಲ್ಲದೆ ಕೊಂಡ ಸಾಧಾರಣ ವಾದ್ಯಗಾರನಿಗೆ. ಇದು ಬರೀ ಹೆದರಿಕೆ ಅಲ್ಲ. 2014ರಲ್ಲಿ ಬುಡಾಪೆಸ್ಟ್‌ನ ಒಂದು ಆರ್ಕೆಸ್ಟ್ರಾ ನ್ಯೂಯಾರ್ಕ್‌ಗೆ ಕಚೇರಿ ಕೊಡಲು ಬಂದಾಗ ವಿಮಾನ ನಿಲ್ದಾಣದಲ್ಲೇ ಏಳು ಕಮಾನುಗಳನ್ನು ಅಧಿಕಾರಿಗಳು ಹಿಡಿದಿಟ್ಟುಕೊಂಡರು. ಅಲ್ಲಿ ಅನುಮಾನ ಮರದ ಮೇಲಲ್ಲ, ಕಮಾನಿನ ತಲೆಗೆ ಅಂಟಿಸುವ ಉಗುರಗಲದ ದಂತದ ಚೂರಿನ ಮೇಲೆ. ದಂಡ ಕಟ್ಟಿಸಿಕೊಂಡು ಆಮೇಲೆ ವಾಪಸ್ ಕೊಟ್ಟರು. ಕಲಾವಿದರು ಎರವಲು ಕಮಾನಿನಲ್ಲಿ ನುಡಿಸಬೇಕಾಯಿತು. ನ್ಯೂಜೆರ್ಸಿ, ಟೆಕ್ಸಾಸಿನಿಂದ ಡಿಸೆಂಬರಿನಲ್ಲಿ ಮಕ್ಕಳ ಜೊತೆ ಪಿಟೀಲೂ ಹಿಡಿದು ಬೆಂಗಳೂರಿಗೆ, ಚೆನ್ನೈಗೆ ಬರುವ ನಮ್ಮವರು ಕಮಾನಿನ ರಸೀದಿಯ ಒಂದು ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡರೆ ನಷ್ಟವಿಲ್ಲ.

ನನ್ನ ಮಟ್ಟಿಗೆ ಪಟ್ಟಿ ಒಂದೋ ಎರಡೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ, ನೆಟ್ಟ ಮರ ಯಾರದು ಅನ್ನುವುದು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪು 1792ರಲ್ಲಿ ಗಂಧದ ಮರ ರಾಜ್ಯದ ಆಸ್ತಿ ಅಂತ ಸಾರಿದ. ಆಮೇಲೆ ರಾಜರು ಹೋದರು, ಸರ್ಕಾರ ಬಂತು, ನಿಯಮ ಹಾಗೇ ಇತ್ತು. ನಿಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದು. ಕಾಯುವ ಕೆಲಸ ನಿಮ್ಮದು, ಕಳುವಾದರೆ ಪೊಲೀಸರು ಬರುವುದೂ ನಿಮ್ಮ ಮನೆಗೇ. ಹಾಗಾಗಿ ಬುದ್ಧಿವಂತ ರೈತ ಏನು ಮಾಡುತ್ತಿದ್ದ? ಸಸಿ ಗೇಣುದ್ದ ಇರುವಾಗಲೇ ಕಿತ್ತು ಬಿಸಾಕುತ್ತಿದ್ದ. ಕಾಡಿನ ಗಂಧವನ್ನು ಕಳ್ಳರು ಕೊಯ್ದರು, ಹೊಲದ ಗಂಧವನ್ನು ಭಯ ಕೊಯ್ಯಿತು. 2001ರಲ್ಲಿ ಕಾಯ್ದೆ ತಿದ್ದಿ ಮರ ಜಮೀನಿನವರದೇ ಅಂತ ಮಾಡಿದ ಮೇಲೆ ಜನ ನೆಡಲು ಶುರು ಮಾಡಿದರು. ಈಗಲೂ ಕಳ್ಳರ ಕಾಟ ಇದೆ, ಕಡಿಯಲು ಅನುಮತಿಗೆ ಅಲೆದಾಟ ಇದೆ. ಆದರೂ ಎಕರೆಗಟ್ಟಲೆ ಗಂಧ ನೆಟ್ಟವರು ಇದ್ದಾರೆ.

ಬ್ರೆಜಿಲಿನಲ್ಲೂ ನೆಟ್ಟವರಿದ್ದಾರೆ. ಬಹಿಯಾ ರಾಜ್ಯದಲ್ಲಿ ಕಾಡು ಮರಗಳ ನೆರಳಲ್ಲಿ ಕೋಕೋ ಬೆಳೆಯುವ ಪದ್ಧತಿ ಇದೆ. ಅದಕ್ಕೆ ಕಬ್ರುಕಾ ಅನ್ನುತ್ತಾರೆ. ನಮ್ಮ ಕೊಡಗು, ಮೂಡಿಗೆರೆಯ ಕಾಫಿ ತೋಟ ನೆನಪಿಸಿಕೊಳ್ಳಿ, ಅಷ್ಟೆ. ಕಮಾನು ತಯಾರಕರೇ ದುಡ್ಡು ಹಾಕಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡು, ಅಲ್ಲಿನ ಕೋಕೋ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಈ ತೋಟಗಳಲ್ಲಿ ಪೌ ಬ್ರಸಿಲ್ ಸಸಿ ನೆಡಿಸುತ್ತಾ ಬಂದಿದ್ದಾರೆ. ಕೆಲಸ ಶುರುವಾಗಿ ಎರಡು ದಶಕ ದಾಟಿತು. ಒಳ್ಳೆಯ ಚೇಗು ಬರಲು ಇನ್ನೂ ವರ್ಷಗಳು ಬೇಕು. ಮರ ದೊಡ್ಡದಾದ ದಿನ ತೋಟದವನು ಅದನ್ನು ಕಡಿದು ನ್ಯಾಯವಾಗಿ ಮಾರಬಹುದೋ ಇಲ್ಲವೋ? ನೆಟ್ಟ ಮರಕ್ಕೂ ಕಾಡಿನ ಮರಕ್ಕೂ ಲೆಕ್ಕಪತ್ರದಲ್ಲಿ ವ್ಯತ್ಯಾಸ ತೋರಿಸಲು ಆಗುತ್ತದೋ ಇಲ್ಲವೋ? ಇದಕ್ಕೆ ಗಟ್ಟಿ ಉತ್ತರ ಸಿಗದಿದ್ದರೆ ಬಹಿಯಾದ ರೈತನೂ ನಮ್ಮ ರೈತನ ದಾರಿಯನ್ನೇ ಹಿಡಿಯುತ್ತಾನೆ. ನಮ್ಮ ಕಾಫಿ ತೋಟಗಳಲ್ಲಿ ಕಾಡುಜಾತಿಯ ಮರ ಹೋಗಿ ಸಾಲು ಸಾಲು ಸಿಲ್ವರ್ ಓಕ್ ಬಂದದ್ದು ಸುಮ್ನೆ ಅಲ್ಲ. ಕಡಿದು ಮಾರಲು ತಲೆನೋವಿಲ್ಲ ಅಂತ ಬಂತು.

ಕಾಡಿನ ಮರಕ್ಕೆ ಕೈ ಹಾಕಬೇಡಿ ಅನ್ನುವ ಬ್ರೆಜಿಲಿನ ಹಟ ನನಗೆ ಸರಿ ಅನಿಸುತ್ತದೆ. ಅದೇ ಉಸಿರಿನಲ್ಲಿ ನೆಟ್ಟ ಮರಕ್ಕೆ ದಾರಿ ತೆರೆಯದಿದ್ದರೆ ಆ ಹಟ ಅರ್ಧ ಕೆಲಸ. ಇತ್ತ ಕೈ ಪಳಗಿದವರೂ ಉಳಿಯಬೇಕಲ್ವಾ? ಫ್ರಾನ್ಸಿನ ಮಿರ್ಕೂರ್ ಎಂಬ ಸಣ್ಣ ಊರು ತಲೆಮಾರುಗಳಿಂದ ಪಿಟೀಲು, ಕಮಾನು ಮಾಡಿಕೊಂಡು ಬಂದದ್ದು. 1970ರ ದಶಕದ ಹೊತ್ತಿಗೆ ಅಲ್ಲಿ ಕಮಾನಿನ ಕಸುಬು ಮುಗಿದೇಹೋಗುವ ಹಾಗಿತ್ತು. ಆಗ ಬೆರ್ನಾರ್ ಊಶಾರ್ ಎಂಬ ಹಿರಿಯ ತಯಾರಕ ಶಾಲೆಯಲ್ಲಿ ಕೆಲವೇ ವರ್ಷ ಹುಡುಗರಿಗೆ ಕಲಿಸಿದರು. ಇವತ್ತು ಜಗತ್ತಿನ ಒಳ್ಳೆಯ ಕಮಾನುಗಳಲ್ಲಿ ಎಷ್ಟೋ ಆ ಹುಡುಗರ ಕೈಯವು. ಅವರಲ್ಲಿ ಒಬ್ಬರಾದ ಬೆನುವಾ ರೊಲಾಂ ಪೆರ್ನಂಬುಕೊದಲ್ಲೂ ನಿಪುಣರು, ಕಾರ್ಬನ್ ಫೈಬರ್ ಕಮಾನನ್ನೂ ಮಾಡಿದರು.

ಕಾರ್ಬನ್ ಕಮಾನು ಅಂದರೆ ಮೂಗು ಮುರಿಯುವವರು ಇದ್ದಾರೆ. ನಾನೂ ಮುರಿದಿದ್ದೆ. ಕಲಿಯುವ ಮಕ್ಕಳಿಗೆ, ಕರಾವಳಿಯ ಸೆಕೆಗೆ, ಮಲೆನಾಡಿನ ಜೂನ್ ತಿಂಗಳಿಗೆ ಅದಕ್ಕಿಂತ ನಂಬಿಕಸ್ಥ ಕಮಾನು ಇಲ್ಲ ಅಂತ ಈಗ ಅನಿಸುತ್ತಿದೆ. ಸೊಟ್ಟಗಾಗುವುದಿಲ್ಲ, ಗಡಿಯಲ್ಲಿ ಯಾರೂ ಹಿಡಿಯುವುದಿಲ್ಲ. ಕಚೇರಿ ಕೊಡುವ ಹಿರಿಯರು ಮರದ ಕಡ್ಡಿಯನ್ನೇ ಹಿಡಿಯಲಿ, ಅದು ಅವರಿಗೆ ಸಲ್ಲುತ್ತದೆ. ನಮ್ಮ ಮಗಳು ಸರಳೆ ನುಡಿಸಲು ನೂರು ವರ್ಷದ ಮರ ಯಾಕೆ ಬೀಳಬೇಕು?

ಆ ಸೊಟ್ಟ ಕಮಾನು ಇನ್ನೂ ಮನೆಯಲ್ಲಿದೆ. ಈ ಲೇಖನ ಬರೆಯಲು ಕೂತಾಗ ನೆನಪಾಯಿತು. ಕೂದಲು ಕತ್ತರಿಸಿ, ಫ್ರಾಗ್ ಬಿಚ್ಚಿ, ಬರೀ ಕಡ್ಡಿಯನ್ನು ಒಂದು ಬಕೆಟ್ ನೀರಿಗೆ ಬಿಟ್ಟು ನೋಡಿದೆ. ಆರಾಮಾಗಿ ತೇಲಿತು.